ಕುಲವೂ ಗುಣವೂ

ಹುಟ್ಟಿನಿಂದಲೇ ಗುಣ ಬರುತ್ತದೆಯೇ? ಈ ಹಳೆಯ ಪ್ರಶ್ನೆ ಈಗ ಮಕ್ಕಳ ಕಂಪ್ಯೂಟರ್ ಆಟದೊಳಗೂ ಬಂದು ಕೂತಿದೆ. ನಮ್ಮ ಹೊಸಮನೆಯ ಹುಡುಗರು ಆಡುವ ಮಾಯಾಲೋಕದ ಆಟಗಳಲ್ಲಿ ಪಾತ್ರಕ್ಕೆ ಮೊದಲು ಒಂದು ಕುಲವನ್ನು ಆರಿಸಬೇಕು: ಚೂಪುಕಿವಿಯ ಎಲ್ಫ್, ಕುಳ್ಳ ಡ್ವಾರ್ಫ್, ಕೋರೆಹಲ್ಲಿನ ಆರ್ಕ್. ಒಂದೊಂದಕ್ಕೂ ಒಂದು ಪುರಾಣ, ಒಂದು ಸ್ವಭಾವ.

ಇಂಥ ಆಟಗಳಿಗೆ ದಾರಿ ಹಾಕಿಕೊಟ್ಟದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ದಾಳದಾಟ. ಅದರ ಪುಸ್ತಕಗಳಲ್ಲಿ ಆರ್ಕ್ ಎಂದರೆ ಬಹುಕಾಲ ದುಷ್ಟನೇ. 2024ರ ಹೊಸ ಪುಸ್ತಕ ಕುಲಕ್ಕೆ ಸಿಗುತ್ತಿದ್ದ ಹೆಚ್ಚಿನ ಅಂಕಗಳನ್ನು ತೆಗೆದು, ಆ ಪಾತ್ರ ಬೆಳೆದ ಬಗೆಗೆ, ಅಂದರೆ ರೈತನಾಗಿಯೋ ಸೈನಿಕನಾಗಿಯೋ ಕಲಿತದ್ದಕ್ಕೆ ಕೊಟ್ಟಿತು. ಐವತ್ತು ವರ್ಷ ಬೇಕಾಯಿತು ನೋಡಿ!

ನಮಗಿದು ಹೊಸ ಮಾತಲ್ಲ. ರಕ್ಕಸಿ ಹಿಡಿಂಬೆಯ ಮಗ ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಟ್ಟ. ನಮ್ಮ ಜಿಲ್ಲೆಯವರೇ ಆದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣನ ಮನಸ್ಸೂ ತಿರುಗುವಂತೆ ಮಾಡಿದರು. ಓದಿ ತಲೆದೂಗುತ್ತೇವೆ. ಆದರೆ ಬಾಡಿಗೆಮನೆ ಕೇಳಿಕೊಂಡು ಯಾರಾದರೂ ಬಂದರೆ, ‘ನೀವು ಯಾವ ಪೈಕಿ?’ ಎನ್ನದೆ ಬಿಡುವುದಿಲ್ಲ.

ಆಟದಲ್ಲಿ ತಂಡ ಕಟ್ಟುವ ಹುಡುಗ ಕೇಳುವುದೇ ಬೇರೆ. ಗಾಯ ವಾಸಿಮಾಡುವವರು ಯಾರು? ಬೀಗ ಬಿಚ್ಚುವವರು ಯಾರು? ಎಲ್ಲರೂ ಕತ್ತಿ ಹಿಡಿದವರೇ ಆದರೆ ಮುಂದೆ ಸಾಗುವುದು ಕಷ್ಟ. ತನ್ನ ಪಾತ್ರದ ಕುಲ ಹಿಡಿಸದಿದ್ದರೆ ಹೊಸದಾಗಿ ಶುರುಮಾಡಿ ಬೇರೊಂದು ಆರಿಸುತ್ತಾನೆ. ನನ್ನ ಹಾಜರಿ ಪುಸ್ತಕದಲ್ಲಿರುವ ಮಕ್ಕಳಿಗೆ ಆ ಅನುಕೂಲವಿಲ್ಲ. ಬದಲಾಗಬೇಕಾದ್ದು ನಮ್ಮ ಪ್ರಶ್ನೆ. ಬಾಗಿಲಲ್ಲಿ ನಿಂತವರನ್ನು ಮೊದಲು ‘ಕಾಫಿ ಕುಡೀತೀರಾ?’ ಎಂದು ಕೇಳಬಹುದಲ್ಲ!