ಇಂದಿನ ಧಮ್ಮ ಚಿಂತನೆ: ಹಳೆಯ ಅಚ್ಚು ಅಳಿಯಲಿ

ನಮ್ಮ ಭಾನುವಾರದ ಅಧ್ಯಯನಕ್ಕೆ ಬೇಕಾದ ಹಾಳೆಗಳನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆದುಕೊಡುವ ಕೆಲಸ ನನ್ನದು. ಆ ಯಂತ್ರದ ಒಳಗೆ ಏನು ನಡೆಯುತ್ತದೆಂದು ತಿಳಿದ ಮೇಲೆ ಪಟಿಚ್ಚ ಸಮುಪ್ಪಾದ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಒಳಗೆ ಒಂದು ಡ್ರಮ್ ಇದೆ. ಕತ್ತಲಲ್ಲಿ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಳಕು ಬಿದ್ದ ಜಾಗದಲ್ಲಿ ಬಿಟ್ಟುಕೊಡುತ್ತದೆ. ಮೊದಲು ಡ್ರಮ್ಮಿನ ಮೈಗೆಲ್ಲ ಒಂದೇ ಸಮನಾಗಿ ಋಣ ವಿದ್ಯುತ್ ಏರುತ್ತದೆ. ಆಗ ಅಲ್ಲಿ ಯಾವ ಅಕ್ಷರವೂ ಇಲ್ಲ, ಯಾವ ಭೇದವೂ ಇಲ್ಲ. ಆಮೇಲೆ ಲೇಸರ್ ಕಿರಣ ಅಕ್ಷರದ ಆಕಾರದಲ್ಲಿ ಬೀಳುತ್ತದೆ. ಬಿದ್ದ ಕಡೆ ವಿದ್ಯುತ್ ಇಳಿಯುತ್ತದೆ. ಟೋನರ್ ಪುಡಿಗೂ ಋಣ ವಿದ್ಯುತ್ ಇರುವುದರಿಂದ ಉಳಿದ ಜಾಗ ಅದನ್ನು ತಳ್ಳುತ್ತದೆ. ಬೆಳಕು ಬಿದ್ದ ಕಡೆ ಮಾತ್ರ ಪುಡಿ ಅಂಟುತ್ತದೆ. ಹಾಳೆಯ ಹಿಂದಿನ ಧನ ವಿದ್ಯುತ್ ಅದನ್ನು ಹಾಳೆಗೆ ಸೆಳೆಯುತ್ತದೆ. ಕೊನೆಗೆ ಬಿಸಿ ರೋಲರ್ ಕರಗಿಸಿ, ಒತ್ತಿ, ಗಟ್ಟಿ ಮಾಡುತ್ತದೆ.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಈ ವಿದ್ಯೆಯ ಮೊದಲ ಪ್ರತಿ ತೆಗೆದದ್ದು ಗಂಧಕ ಬಳಿದ ಸತುವಿನ ತಗಡಿನಿಂದ. ಅಕ್ಷರ ಗಂಧಕದಲ್ಲಿ ಇರಲಿಲ್ಲ, ಪುಡಿಯಲ್ಲೂ ಇರಲಿಲ್ಲ. ಕಾರಣಗಳು ಕೂಡಿದವು, ಅಕ್ಷರ ಮೂಡಿತು.

ಜಾತಿಯೂ ಹೀಗೆಯೇ. ಅದು ರಕ್ತದಲ್ಲಿಲ್ಲ, ಹಣೆಯಲ್ಲಿಲ್ಲ. ಕಾರಣಗಳಿಂದ ಮೂಡಿದ್ದು ಆ ಕಾರಣಗಳನ್ನು ತೆಗೆದರೆ ಹೋಗುತ್ತದೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದ್ದು ಇದಕ್ಕೇ.

ಇನ್ನೊಂದು ಮಾತು ನಮ್ಮ ನಮ್ಮಲ್ಲೇ ಆಡಿಕೊಳ್ಳಬೇಕು. ಡ್ರಮ್ಮಿನ ಮೇಲೆ ಉಳಿದ ಪುಡಿಯನ್ನು ಒಂದು ಬ್ಲೇಡ್ ಕೆರೆದು ತೆಗೆಯುತ್ತದೆ. ಆ ಬ್ಲೇಡ್ ಸವೆದರೆ ಹಿಂದಿನ ಅಕ್ಷರದ ಮಸುಕು ನೆರಳು ಹೊಸ ಅಕ್ಷರಗಳ ನಡುವೆ ಬೀಳುತ್ತದೆ. ಗೋಡೆಯ ಮೇಲೆ ಭಗವಾನ್ ಬುದ್ಧರ ಫೋಟೋ, ಪಕ್ಕದಲ್ಲೇ ಬಾಬಾಸಾಹೇಬರು. ಆದರೆ ಮಗಳಿಗೆ ಸಂಬಂಧ ಬಂದಾಗ, "ಹುಡುಗನ ಕಡೆಯವರು ಬಲಗೈಯವರೋ ಎಡಗೈಯವರೋ?" ಇದೇ ಆ ಮಸುಕು ನೆರಳು. ನಮ್ಮನ್ನು ತುಳಿದ ಅಚ್ಚನ್ನು ನಮ್ಮ ಮನೆಯಲ್ಲಿ ನಾವೇ ಒತ್ತುತ್ತಿದ್ದೇವೆ.

ಸಣ್ಣ ಪ್ರಿಂಟರಿನಲ್ಲಿ ಒಂದು ಎ4 ಹಾಳೆ ಮುಗಿಯುವಷ್ಟರಲ್ಲಿ ಡ್ರಮ್ 3-4 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಶುಚಿಯಾಗುತ್ತದೆ. ನಾವು ವರ್ಷಕ್ಕೊಮ್ಮೆ ದೀಕ್ಷಾ ದಿನ ಆಚರಿಸಿದರೆ ಸಾಲದು. ಸಮ್ಮಾ ವಾಯಾಮ ದಿನದಿನದ ಕೆಲಸ.

ಬಿಸಿ ತಾಗುವ ಮುಂಚೆ ಹಾಳೆಯ ಮೇಲಿನ ಪುಡಿ ಬೆರಳಿಗೇ ಒರೆಸಿಹೋಗುತ್ತದೆ. ತಾಗಿದ ಮೇಲೆ ತೆಗೆಯುವುದು ಬಹಳ ಕಷ್ಟ. ಆ ಪ್ರಶ್ನೆಯನ್ನೂ ಮನಸ್ಸಿನಲ್ಲಿ ಎದ್ದಾಗಲೇ ಒರೆಸಬೇಕು. ಅದು ಬಾಯಿಗೆ ಬಂದರೆ ಕೇಳುತ್ತಿರುವ ಮಕ್ಕಳಲ್ಲಿ ಗಟ್ಟಿಯಾಗುತ್ತದೆ.

ಇಂದಿನ ಅಭ್ಯಾಸ: ಸಂಜೆ ತ್ರಿಶರಣ, ಪಂಚಶೀಲ ಹೇಳುವ ಮುನ್ನ ಮನೆಯವರೆಲ್ಲ ಎರಡು ನಿಮಿಷ ಸುಮ್ಮನೆ ಕೂರೋಣ. ಇವತ್ತು ಒಬ್ಬರ ಹೆಸರು ಕೇಳಿದ ಕೂಡಲೇ ನನ್ನ ಮನಸ್ಸು ಅವರ ಜಾತಿ ಹುಡುಕಿತೇ ಎಂದು ಪ್ರಾಮಾಣಿಕವಾಗಿ ನೋಡೋಣ. ಹುಡುಕಿದ್ದರೆ ಅಲ್ಲೇ ಒರೆಸಿ, ಆಮೇಲೆ ಶರಣು ಹೇಳೋಣ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್. 🙏