ಸೈಕಲ್ ಇಳಿಯದೆ ಹೋಗುವ ದಾರಿ

ಭಾನುವಾರ ನಸುಕಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆಯ ಬಡಾವಣೆಗಳಿಂದ ಗೇರಿನ ಸೈಕಲ್ಲುಗಳು ಹೊರಬೀಳುತ್ತವೆ. ತಲೆಗೆ ಹೆಲ್ಮೆಟ್ಟು, ಮೈಗೆ ಬಿಗಿಯಾದ ಬಣ್ಣದ ಅಂಗಿ, ಹ್ಯಾಂಡಲ್ಲಿನ ಮೇಲೆ ದಾರಿ ತೋರಿಸುವ ಮೊಬೈಲು. ಕೆಲವರು ಉಣಕಲ್ ಕೆರೆ ದಾಟಿ ಧಾರವಾಡದ ಕಡೆ ಹೋಗುತ್ತಾರೆ, ಕೆಲವರು ಕಲಘಟಗಿಯ ಕಡೆ. ಇನ್ನು ಕೆಲವರು ಅದರಗುಂಚಿ, ಶೆರೇವಾಡ ದಾಟಿ ಸುಮಾರು 20 ಕಿಲೋಮೀಟರ್ ತುಳಿದು ನಮ್ಮ ಕುಂದಗೋಳಕ್ಕೆ ಬರುತ್ತಾರೆ. ಎರಡೂ ಕಡೆ ಎರಿ ಹೊಲ, ಹತ್ತಿ, ಬ್ಯಾಡಗಿ ಮೆಣಸಿನಕಾಯಿ. ಶಂಭುಲಿಂಗನ ಗುಡಿ, ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವ ನಡೆಯುವ ನಾಡಿಗೇರರ ವಾಡೆ ನೋಡಿ, ಚಹಾ ಕುಡಿದು, ಬಿಸಿಲು ಏರುವುದರೊಳಗೆ ಮರಳಿ ಹೋಗುತ್ತಾರೆ.

ಅದೇ ದಾರಿಯ ಅದೇ ಹೊತ್ತಿಗೆ ನಮ್ಮವರೂ ಸೈಕಲ್ ತುಳಿಯುತ್ತಾರೆ. ಕ್ಯಾರಿಯರಿಗೆ ಬುತ್ತಿಗಂಟು, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು, ಇಲ್ಲವೇ ಗೌಂಡಿ ಕೆಲಸದ ಕರಣಿ ಸಿಕ್ಕಿಸಿದ ಚೀಲ. ಈಗ ಬಹಳ ಮಂದಿ ಸಾಲ ಮಾಡಿ ಮೋಟರ್ ಸೈಕಲ್ ತಗೊಂಡಿದ್ದಾರೆ. ತಗೊಳ್ಳಲಾರದವರು ಇನ್ನೂ ತುಳಿಯುತ್ತಲೇ ಇದ್ದಾರೆ. ಇಬ್ಬರ ಕಾಲೂ ಒಂದೇ ರೀತಿ ತಿರುಗುತ್ತದೆ, ಇಬ್ಬರ ಬೆವರೂ ಉಪ್ಪೇ. ಒಬ್ಬನ ಬೆವರಿಗೆ ಆರೋಗ್ಯ ಅಂತಾರೆ, ಇನ್ನೊಬ್ಬನ ಬೆವರಿಗೆ ಕೂಲಿ ಅಂತಾರೆ.

ಇಲ್ಲಿ ನಾವು ಎತ್ತುವ ಪ್ರಶ್ನೆ ಇದು: ಸುಖಕ್ಕಾಗಿ ಸೈಕಲ್ ಹೊಡೆಯುವುದು ಅಪರಾಧವೆ? ಅಲ್ಲವಾದರೆ, ಆ ಸುಖ ಯಾರ ಹಕ್ಕು?

ನಮ್ಮ ಗೆಳೆಯರಲ್ಲಿ ಹಲವರು ಇದಕ್ಕೆ ತಟ್ಟನೆ ಉತ್ತರ ಕೊಡುತ್ತಾರೆ. 'ಹೊಟ್ಟಿ ತುಂಬಿದವರ ಆಟ ಇದು, ನಮಗೇನ ಸಂಬಂಧ' ಅನ್ನುತ್ತಾರೆ. ಈ ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಆದರೆ ಈ ಉತ್ತರದಿಂದ ನಮಗೆ ಸಮಾಧಾನವಿಲ್ಲ. ಸುಖ ಅವರದು, ದುಡಿಮೆ ನಮ್ಮದು ಅಂತ ನಾವೇ ಬರೆದುಕೊಟ್ಟರೆ, ಜಾತಿ ವ್ಯವಸ್ಥೆ ಸಾವಿರಾರು ವರ್ಷ ಹೇಳಿದ ಮಾತಿಗೆ ನಾವೇ ಸಹಿ ಹಾಕಿದಂತೆ ಆಗುತ್ತದೆ.

ನಮ್ಮ ಹಿರಿಯರು ಹೇಳುವ ಮಾತು ಕೇಳಿ. 'ಅಗಸಿ ಬಂತಂದ್ರ ಸೈಕಲ್ ಇಳೀಬೇಕಿತ್ತು ತಮ್ಮಾ. ಗೌಡ್ರ ಕಟ್ಟಿ ದಾಟೂ ತನಕ ದೂಡಿಕೋತ ಹೋಗಬೇಕು. ಚಪ್ಪಲಿ ಕೈಯಾಗ, ಸೈಕಲ್ ಬಗಲಾಗ.' ಈ ಮಾತಿನಲ್ಲಿ ಗಮನಿಸಬೇಕಾದ್ದು ಒಂದಿದೆ. ಸೈಕಲ್ ಇಟ್ಟುಕೊಳ್ಳಬ್ಯಾಡ ಅಂತ ಯಾರೂ ಅಂದಿರಲಿಲ್ಲ. ಗೌಡರ ಮನೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರಲು ಅದೇ ಸೈಕಲ್ ಬೇಕಾಗಿತ್ತು. ಹೊರೆ ಹೊತ್ತ ಸೈಕಲ್ಲಿಗೆ ಊರಿನ ದಾರಿ ಸದಾ ತೆರೆದಿತ್ತು. ಅದರ ಮೇಲೆ ಮನುಷ್ಯ ನೆಟ್ಟಗೆ ಕೂತು, ಸಿಳ್ಳೆ ಹಾಕುತ್ತ ಬಂದಾಗ ಮಾತ್ರ ಊರಿಗೆ ಮೈ ಉರಿಯುತ್ತಿತ್ತು.

ಇದು ಬರೀ ಮುದುಕರ ನೆನಪು ಅಂತ ತಳ್ಳಿಹಾಕಬೇಡಿ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದು 1950ರಲ್ಲೇ ಹೇಳಿತು. ಅಷ್ಟು ಸಾಲಲಿಲ್ಲ. 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂತು. ಅದೂ ಸಾಲಲಿಲ್ಲ. 2015ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು, 2016ರ ಜನವರಿ 26ರಿಂದ ಜಾರಿ ಮಾಡಿತು. ಆ ತಿದ್ದುಪಡಿಯಾದ 3ನೇ ಕಲಮನ್ನು ನಮ್ಮ ಮಾಸ್ತರರು ಒಮ್ಮೆ ಮಕ್ಕಳಿಗೆ ಓದಿ ಹೇಳಬೇಕು. ದಲಿತನೊಬ್ಬ ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಇಲ್ಲವೇ ಮೋಟರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅದು ಅಪರಾಧ ಎಂದು ಅಲ್ಲಿ ಬರೆದಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿ, ಮಂಗಳ ಗ್ರಹಕ್ಕೆ ನೌಕೆ ಕಳಿಸಿದ ದೇಶದಲ್ಲಿ, ಸೈಕಲ್ ಹತ್ತಲು ಕಾನೂನು ಬೇಕಾಯಿತು!

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸೈಕಲ್, ಚಪ್ಪಲಿ, ಹೊಸ ಬಟ್ಟೆ, ಮದುವೆ ಕುದುರೆ. ಇವುಗಳ ನಡುವಿನ ಸಂಬಂಧವೇನು? ಅಕ್ಕಿ, ಜೋಳ, ಔಷಧಿ ಅಲ್ಲಿಲ್ಲ. ಮನುಷ್ಯ ತನ್ನ ಮೈಯನ್ನು ತಾನು ಗೌರವಿಸಿಕೊಳ್ಳುವ, ತನ್ನ ಬದುಕಿಗೆ ತಾನು ಸಂತೋಷಪಡುವ ವಸ್ತುಗಳು ಅಲ್ಲಿವೆ. ಜಾತಿ ನಮ್ಮ ದುಡಿಮೆಗೆ ಎಂದೂ ಅಡ್ಡಿ ಬಂದಿಲ್ಲ. ಅದಕ್ಕೆ ನಮ್ಮ ದುಡಿಮೆ ಬೇಕು. ಅಡ್ಡಿ ಬಂದದ್ದು ನಮ್ಮ ಮಾನಕ್ಕೆ, ನಮ್ಮ ಖುಷಿಗೆ. ಆದ್ದರಿಂದಲೇ ಖುಷಿಯ ಪ್ರಶ್ನೆ ಹೊಟ್ಟೆ ತುಂಬಿದ ಮೇಲೆ ಕೇಳುವ ಪ್ರಶ್ನೆಯಲ್ಲ. ಅನ್ನದ ಪ್ರಶ್ನೆಯ ಜೊತೆಗೇ ಕೇಳಬೇಕಾದ ಪ್ರಶ್ನೆ.

ಇದನ್ನು ನಮಗಿಂತ ಮುಂಚೆ ಅರಿತವರಿದ್ದರು. ಕೇರಳದ ಅಯ್ಯಂಕಾಳಿ 1893ರಲ್ಲಿ ಬಿಳಿ ಬಟ್ಟೆ ಉಟ್ಟು, ರುಮಾಲು ಸುತ್ತಿ, ಗೆಜ್ಜೆ ಕಟ್ಟಿದ ಎತ್ತಿನ ಗಾಡಿಯಲ್ಲಿ ಸಾರ್ವಜನಿಕ ದಾರಿಯ ಮೇಲೆ ಹೊರಟರು. ಸಂತೆಗಲ್ಲ, ಹೊಲಕ್ಕಲ್ಲ. ಸವಾರಿಯೇ ಆ ಸವಾರಿಯ ಉದ್ದೇಶವಾಗಿತ್ತು. 1929ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಚಾಳೀಸಗಾಂವದಲ್ಲಿ ರೈಲು ಇಳಿದಾಗ, ಮಹಾರನೊಬ್ಬನನ್ನು ಕೂಡ್ರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಕೇರಿಯ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ಹೊಡೆದು ರೂಢಿಯಿಲ್ಲದ ತಮ್ಮವನೊಬ್ಬನನ್ನೇ ಕೂಡ್ರಿಸಿದರು. ಹಳ್ಳದ ಸೇತುವೆಯ ಮೇಲೆ ಗಾಲಿ ಸಿಕ್ಕಿ, ಬಾಬಾಸಾಹೇಬರು ಎಸೆಯಲ್ಪಟ್ಟು ಕಾಲು ಮುರಿಯಿತು. ನಡೆಸಿಕೊಂಡು ಹೋಗಬಹುದಿತ್ತಲ್ಲ? ಜನ ಒಪ್ಪಲಿಲ್ಲ. ನಮ್ಮ ನಾಯಕ ನಡೆದು ಬರುವುದು ಮಾನಕ್ಕೆ ಕಡಿಮೆ ಎಂದು ಅವರಿಗೆ ಅನಿಸಿತು. ಲೆಕ್ಕ ಹಾಕುವವರಿಗೆ ಇದು ಹುಚ್ಚುತನ. ಅಗಸಿಯಲ್ಲಿ ಸೈಕಲ್ ಇಳಿದವರ ಮಕ್ಕಳಾದ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಹೆಣ್ಣುಮಕ್ಕಳ ಮಾತು ಬಂದರೆ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿತರು. ಹಾಡುವ ಹೆಣ್ಣೆಂದು ಬೀದಿಯಲ್ಲಿ ಹಂಗಿಸಿದವರನ್ನೂ ಅವರು ಸಹಿಸಬೇಕಾಯಿತು. ಅವರ ಕಂಠವನ್ನು ದೇಶ ಹೊಗಳಿದೆ. ಅವರು ನಡೆದ ದಾರಿಯ ಮುಳ್ಳನ್ನು ಯಾರು ಎಣಿಸಿದ್ದಾರೆ? ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಚಳವಳಿಯವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲುಕ್ವಾರಿಯ ಕೂಲಿ ಹೆಂಗಸರು, ಹೊಲದ ಆಳುಗಳು, ಹತ್ತಾರು ಸಾವಿರ ಮಂದಿ ಸೈಕಲ್ ಹತ್ತಿದರು. ನೀರು ತರುವುದು, ಸಂತೆಗೆ ಹೋಗುವುದು ಸುಲಭವಾಯಿತು, ನಿಜ. ಆದರೆ ಗಂಡನನ್ನೋ ಬಸ್ಸನ್ನೋ ಕಾಯದೆ ತಾನು ಬೇಕಾದಲ್ಲಿಗೆ ಹೋಗಬಲ್ಲೆ ಎಂಬ ಧೈರ್ಯ ಅದಕ್ಕಿಂತ ದೊಡ್ಡ ಲಾಭ. ನಮ್ಮ ರಾಜ್ಯದಲ್ಲೂ 2006-07ರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಟ್ಟರು. ಅದನ್ನು ಏರಿಯೇ ನಮ್ಮ ಕೇರಿಯ ಎಷ್ಟೋ ಹುಡುಗಿಯರು ಹೈಸ್ಕೂಲು ಮುಟ್ಟಿದರು. ಕೋವಿಡ್ ಬಂದ 2020-21ರಲ್ಲಿ ಆ ವಿತರಣೆ ನಿಂತಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದೇ. ಆದರೆ ಬಸ್ಸು ಬರದ ಊರಿಗೆ ಪುಕ್ಕಟೆ ಚೀಟಿಯಿಂದ ಏನು ಪ್ರಯೋಜನ? ಬಸ್ಸು ತಾನು ಬಂದಾಗ ಒಯ್ಯುತ್ತದೆ. ಸೈಕಲ್ ನಾವು ಹೊರಟಾಗ ಹೊರಡುತ್ತದೆ.

ಇನ್ನು ನಗರದಿಂದ ಬರುವ ಗೆಳೆಯರ ಮಾತು. ಅವರನ್ನು ನಾವು ವೈರಿಗಳೆಂದು ಕರೆಯುವುದಿಲ್ಲ. ಹೊಗೆ ಬಿಡದ, ಯಾರನ್ನೂ ಹಾಯದ ಗಾಲಿಯ ಮೇಲೆ ಬರುವವರು ಅವರು. ಆದರೆ ಅವರಿಗೊಂದು ಪ್ರಶ್ನೆಯಿದೆ. ನಿಮ್ಮ ಮೊಬೈಲಿನ ದಾರಿಪಟದಲ್ಲಿ ಗುಡಿ ಇದೆ, ಕೆರೆ ಇದೆ, ಚಹಾದಂಗಡಿ ಇದೆ. ಕೇರಿ ಎಲ್ಲಿದೆ? ಡಾಂಬರು ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಂದ ನಿಮ್ಮ ಸೈಕಲ್ ತಿರುಗುತ್ತದೆ, ಅಲ್ಲಿಂದಲೇ ನಮ್ಮ ದಾರಿ ಶುರುವಾಗುತ್ತದೆ. ಎರಿ ಮಣ್ಣಿನ ದಾರಿಯ ಗುಣ ಬೇಸಿಗೆಯಲ್ಲಿ ತಿಳಿಯುವುದಿಲ್ಲ. ಮುಂಗಾರು ಬಿದ್ದ ಮರುದಿನ ಬನ್ನಿ. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ಕಚ್ಚಿ ನಿಲ್ಲುತ್ತದೆ. ಕಡ್ಡಿಯಿಂದ ಕೆದರಿ ಹತ್ತು ಹೆಜ್ಜೆ ಹೋದರೆ ಮತ್ತೆ ಅಷ್ಟೇ ಮಣ್ಣು. ಕಡೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಬೆಣ್ಣಿಹಳ್ಳ ಏರಿ ಬಂದರೆ ಹೆಗಲಿಗೂ ದಾರಿಯಿಲ್ಲ. ನಿಮಗೆ ದಾರಿ ಆಯ್ಕೆ, ಬ್ಯಾಸರಾದರೆ ಬೇರೆ ದಿಕ್ಕು ಹಿಡಿಯುತ್ತೀರಿ. ನಮಗೆ ಅದೊಂದೇ ದಾರಿ.

ಸೈಕಲ್ ಗಾಲಿ ತಾನೂ ಮುಗ್ಧವಾದ ವಸ್ತುವಲ್ಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ ಮೇಲೆ ಯುರೋಪಿನ ಸವಾರಿ ಮೆತ್ತಗಾಯಿತು, ರಬ್ಬರಿನ ಹಸಿವು ಹೆಚ್ಚಿತು. ಅದೇ ಕಾಲಕ್ಕೆ ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡನ ಕಾಂಗೋದಲ್ಲಿ, ಕಾಡು ರಬ್ಬರು ತರಲು ಕರಿಯ ಜನರನ್ನು ಹೊಡೆದು ದುಡಿಸಿದರು, ಕೈ ಕಡಿದರು. ಒಂದು ದಾರಿಯ ಸುಖ ಇನ್ನೆಲ್ಲೋ ಒಬ್ಬರ ಮೈಯಿಂದ ಬಂದಿರುತ್ತದೆ. ಹೀಗೆಂದು ಸುಖವನ್ನೇ ಬಿಡಿ ಅನ್ನಲಾಗದು. ಅದರ ಬೆಲೆ ಯಾರು ತೆತ್ತರು ಎಂದು ಕೇಳದೆ ಅನುಭವಿಸುವುದು ತಪ್ಪು ಎನ್ನುತ್ತೇವೆ. ನೀವು ತುಳಿಯುವ ರಸ್ತೆಗೆ ಜಲ್ಲಿ ಒಡೆದವರು, ಕಾದ ಡಾಂಬರು ಸುರಿದವರು ಯಾವ ಓಣಿಯವರು ಎಂದು ಕೇಳಿ ನೋಡಿ.

ಹನ್ನೆರಡನೇ ಶತಮಾನದ ಶರಣರು ನಿಂತದ್ದಕ್ಕಿಂತ ನಡೆಯುವುದನ್ನು, ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದರು. ಆ ಜಂಗಮವೂ ಕಾಲಾಂತರದಲ್ಲಿ ಒಂದು ಜಾತಿಯ ಹೆಸರಾಗಿ ನಿಂತುಬಿಟ್ಟಿತು. ನಮ್ಮ ತಾಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನೆಂದು ಒಪ್ಪಿಕೊಂಡಾಗ, ಎರಡು ಊರುಗಳ ನಡುವಿನ ದಾರಿ ಮತ್ತೊಮ್ಮೆ ಜಂಗಮವಾಯಿತು. ಇಂಥ ನೆಲದಲ್ಲಿ ಯಾವ ಊರಿನ ದಾರಿಯೇ ಆಗಲಿ ಸ್ವತಂತ್ರವೋ ಅಲ್ಲವೋ ಎಂದು ಅಳೆಯಲು ನಮ್ಮಲ್ಲೊಂದು ಮಾಪು ಇದೆ. ಕೇರಿಯ ಹುಡುಗಿಯೊಬ್ಬಳು ಕೆಲಸವಿಲ್ಲದೆ, ಹೊರೆಯಿಲ್ಲದೆ, ಹೊಸ ಅಂಗಿ ತೊಟ್ಟು, ಸುಮ್ಮನೆ ಸಂಜೆಯ ಗಾಳಿಗೆಂದು ಊರ ಅಗಸಿಯ ಮುಂದೆ ಸೈಕಲ್ ಹೊಡೆಯಬಲ್ಲಳೆ? 'ಎಲ್ಲಿಗೆ ಹೊಂಟಿ, ಯಾಕ ಹೊಂಟಿ' ಎಂದು ಯಾರೂ ಕೇಳದಿದ್ದರೆ ಆ ದಾರಿ ಎಲ್ಲರದು. ಕೇಳಿದರೆ, ಡಾಂಬರು ಎಷ್ಟು ಹಾಕಿದರೂ ಅದು ಗೌಡರ ಅಂಗಳವೇ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ನಮ್ಮ ಬೇಡಿಕೆ ದೊಡ್ಡದೇನಲ್ಲ. ನಿಂತ ಸೈಕಲ್ ಯೋಜನೆ ಮಕ್ಕಳಿಗೆ ಬೇಕು, ಕೇರಿಯ ತನಕ ಗಟ್ಟಿ ರಸ್ತೆ ಬೇಕು ಎಂದು ಗ್ರಾಮಸಭೆಯಲ್ಲಿ ಕೇಳೋಣ. ಅದರ ಜೊತೆಗೆ ಒಂದು ಭಾನುವಾರ ನಮ್ಮ ಹುಡುಗ ಹುಡುಗಿಯರನ್ನೂ ಹೊರಡಿಸೋಣ. ಸಂಶಿಗೆ, ಗುಡಗೇರಿಗೆ, ಕಳಸಕ್ಕೆ. ಬುತ್ತಿ ಇರಲಿ, ಹೊರೆ ಬೇಡ. ನಗರದ ಗೆಳೆಯರು ಬಂದರೆ ಅವರೂ ಜೊತೆಗೂಡಲಿ, ಚಹಾ ನಮ್ಮ ಕೇರಿಯಲ್ಲಿ ಕುಡಿಯಲಿ. ಅಗಸಿ ಬಂದಾಗ ಮಾತ್ರ ಯಾರೂ ಸೈಕಲ್ ಇಳಿಯುವುದು ಬೇಡ.