ಜೀರ್ಣೋದ್ಧಾರವೂ ಸತ್ಯನಿಷ್ಠೆಯೂ

ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕೆ ಧನಬಲವಿದ್ದರೆ ಸಾಕು. ಹಳೆಯದನ್ನು ಹಳೆಯದಾಗಿಯೇ ಉಳಿಸಿ ಅದಕ್ಕೆ ಮತ್ತೆ ಚೈತನ್ಯವನ್ನು ತುಂಬುವುದಕ್ಕೆ ಧನದೊಡನೆ ತಾಳ್ಮೆ ಬೇಕು. ತಾಳ್ಮೆಯೊಡನೆ ಸತ್ಯನಿಷ್ಠೆ ಬೇಕು. ಗುಡಿಗೋಪುರಗಳ ಜೀರ್ಣೋದ್ಧಾರದಲ್ಲಿ ಎಲ್ಲರೂ ಒಪ್ಪುವ ಈ ಮಾತು ಎಣ್ಣೆ ಕಬ್ಬಿಣಗಳ ಒಂದು ಯಂತ್ರಕ್ಕೂ ಸಲ್ಲುವುದೇ? ಸಲ್ಲುವುದೆಂಬುದಕ್ಕೆ ಇಂಗ್ಲೆಂಡಿನ ಗೃಹಸ್ಥರು ಮನೆಯ ಹಿಂದಣ ಸಣ್ಣ ಕೊಟ್ಟಿಗೆಗಳಲ್ಲಿ ನಡೆಯಿಸುವ ಒಂದು ಕೆಲಸವೇ ನಿದರ್ಶನವಾಗಿದೆ.

ಆ ನಾಡಿನಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ, ಮತ್ತೆ ಜೋಡಿಸಿ ಓಡಿಸುವವರು ಬಹುಮಂದಿ ಇದ್ದಾರೆ. 1946ರಲ್ಲಿ ಇಂಥವರಿಗಾಗಿ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಎಂಬ ಸಂಘವು ಹುಟ್ಟಿತು. ಹಲವು ಕಾರ್ಖಾನೆಗಳ ಹಳೆಯ ದಾಖಲೆಗಳನ್ನು ಈ ಸಂಘವು ಇಂದಿಗೂ ಕಾಯ್ದಿಟ್ಟಿದೆ. ಇವರು ಆದರದಿಂದ ಕಾಣುವ ಗಾಡಿಗಳಲ್ಲಿ 1959ರಲ್ಲಿ ಹೊರಬಂದ ಟ್ರಯಂಫ್ ಬಾನೆವಿಲ್ ಒಂದು. ಎರಡು ಸಿಲಿಂಡರುಗಳ, 649 ಘನ ಸೆಂಟಿಮೀಟರಿನ ಎಂಜಿನ್ನುಳ್ಳ ಈ ಗಾಡಿಯು ಕೊವೆಂಟ್ರಿಯ ಸಮೀಪದ ಮೆರಿಡನ್ನಿನಲ್ಲಿ ತಯಾರಾಯಿತು. 1940ರ ನವೆಂಬರ್ 14ರ ರಾತ್ರಿ ಬಾಂಬುಗಳಿಂದ ಕೊವೆಂಟ್ರಿಯ ಕಾರ್ಖಾನೆಯು ನಾಶವಾದ ಮೇಲೆ ಮೆರಿಡನ್ನಿನಲ್ಲಿ ಹೊಸದು ಎದ್ದಿತು. ಅದೂ 1983ರಲ್ಲಿ ಮುಚ್ಚಿಹೋಯಿತು. ಮಾಡಿದ ಮನೆ ಅಳಿಯಿತು, ಮಾಡಿದ ಕೈಗಳು ಸಂದವು. ಮಾಡಿದ ವಸ್ತು ಮಾತ್ರ ಉಳಿಯಿತು. ಉಳಿದುದನ್ನು ಕಾಪಾಡುವವನ ಧರ್ಮವೇನು?

ಮೊದಲು ಏಳುವ ಪ್ರಶ್ನೆ ಬಹು ಪುರಾತನವಾದುದು. ಗಾಡಿಯ ಪಿಸ್ಟನ್ನುಗಳು ಸವೆದಿರುತ್ತವೆ, ಚಕ್ರದ ಕಡ್ಡಿಗಳು ತುಕ್ಕು ಹಿಡಿದಿರುತ್ತವೆ, ತಂತಿಗಳು ಮುಟ್ಟಿದರೆ ಮುರಿಯುತ್ತವೆ. ಒಂದೊಂದನ್ನೇ ತೆಗೆದು ಹೊಸದನ್ನಿಟ್ಟು ಬಂದರೆ, ಕಡೆಯಲ್ಲಿ ನಿಂತಿರುವುದು ಹಳೆಯ ಗಾಡಿಯೋ, ಹಳೆಯ ಹೆಸರಿನ ಹೊಸ ಗಾಡಿಯೋ? ಅಥೆನ್ಸಿನ ಜನರು ಥೀಸಿಯಸ್ ವೀರನ ಹಡಗನ್ನು ಉಳಿಸಲೆಂದು ಕೊಳೆತ ಹಲಗೆಗಳನ್ನು ಬದಲಿಸುತ್ತ ಬಂದುದನ್ನೂ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ಪಂಡಿತರು ವಾದಿಸಿದುದನ್ನೂ ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ದೇಶದಲ್ಲಿಯೂ ಮಿಲಿಂದ ರಾಜನಿಗೆ ನಾಗಸೇನ ಭಿಕ್ಷುವು ಇಂತಹುದೇ ಪ್ರಶ್ನೆಯನ್ನು ಹಾಕಿದನು: ಗಾಲಿಯು ರಥವೇ, ಅಚ್ಚು ರಥವೇ, ನೊಗವು ರಥವೇ? ಯಾವುದೊಂದೂ ರಥವಲ್ಲ, ಎಲ್ಲವೂ ಕೂಡಿದಲ್ಲಿ ರಥವೆಂಬ ವ್ಯವಹಾರವಷ್ಟೇ ಇದೆ ಎಂದು ಅಲ್ಲಿ ನಿರ್ಣಯವಾಯಿತು.

ಪಂಡಿತರಿಗೆ ಇಷ್ಟು ಸಾಕಾಗಬಹುದು. ಪಾನಾ ಹಿಡಿದು ಕುಳಿತವನಿಗೆ ಸಾಲದು. ಬಾನೆವಿಲ್ಲಿನ ಚೌಕಟ್ಟಿನ ಮೇಲೂ ಎಂಜಿನ್ನಿನ ಮೇಲೂ ಕಾರ್ಖಾನೆಯವರು ಒಂದೇ ಸಂಖ್ಯೆಯನ್ನು ಅಚ್ಚೊತ್ತಿ ಕಳುಹಿಸುತ್ತಿದ್ದರು. ಎರಡೂ ಒಂದೇ ಆಗಿರುವ ಗಾಡಿಗೆ ಇಂದು ಬೆಲೆ ಹೆಚ್ಚು. ಎಂಜಿನ್ನಿನ ಕವಚವು ಒಡೆದು ಬೇರೊಂದನ್ನು ಹಾಕಬೇಕಾದಾಗ ಒಂದು ಪ್ರಲೋಭನೆ ಎದುರು ನಿಲ್ಲುತ್ತದೆ: ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದು ಬೇಕಾದ ಸಂಖ್ಯೆಯನ್ನು ಬಡಿದರೆ ಯಾರು ಬಲ್ಲರು? ಕವಚವನ್ನು ಬದಲಿಸಿದುದು ದೋಷವಲ್ಲ. ಸವೆದುದನ್ನು ಬದಲಿಸುವುದು ವಸ್ತುಧರ್ಮಕ್ಕೆ ಒಪ್ಪಿದುದೇ. ಬದಲಿಸಿಲ್ಲವೆಂದು ಲೋಹದ ಬಾಯಿಂದ ಸುಳ್ಳು ನುಡಿಸುವುದು ದೋಷ. ಥೀಸಿಯಸ್ಸನ ಹಡಗಿನ ಪ್ರಶ್ನೆಗೆ ಶಾಸ್ತ್ರದ ಉತ್ತರ ಏನೇ ಇರಲಿ, ಧರ್ಮದ ಉತ್ತರ ಸ್ಪಷ್ಟವಾಗಿದೆ: ಯಾವ ಹಲಗೆ ಹಳೆಯದು, ಯಾವುದು ಹೊಸದು ಎಂಬುದನ್ನು ಮರೆಮಾಚದಿರುವವರೆಗೆ ಆ ಹಡಗಿನ ಚರಿತ್ರೆಯು ಮುಂದುವರಿಯುತ್ತಿರುತ್ತದೆ, ಮರೆಮಾಚಿದ ದಿನವೇ ಅದು ಕಡಿದುಹೋಗುತ್ತದೆ.

ಸಂಖ್ಯೆಯಾದರೂ ಕಣ್ಣಿಗೆ ಕಾಣುವ ಸ್ಥಳದಲ್ಲಿದೆ. ಕಾಣದ ಸ್ಥಳದಲ್ಲಿ ಇನ್ನೂ ಕಠಿಣವಾದ ಪರೀಕ್ಷೆಯಿದೆ. ಈ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಶೋಧಿಸಲು ತಂತಿಯ ಜಾಲರಿಯ ಹೊರತು ಬೇರೆ ಸಾಧನವಿರಲಿಲ್ಲ. ಆದುದರಿಂದ ಪಿಸ್ಟನ್ನುಗಳ ಬಲವನ್ನು ಸುತ್ತುವ ಬಲವಾಗಿಸುವ ಕ್ರ್ಯಾಂಕ್ ದಂಡದ ಒಡಲಲ್ಲಿಯೇ ಒಂದು ಕೊಳವೆಯನ್ನಿಟ್ಟಿದ್ದರು. ದಂಡವು ತಿರುಗುವ ರಭಸಕ್ಕೆ ಎಣ್ಣೆಯೊಳಗಿನ ಕಸವು ಕೊಳವೆಯ ಗೋಡೆಗೆ ಒತ್ತಿ ಹಿಡಿದು, ಶುದ್ಧವಾದ ಎಣ್ಣೆಯು ಬೇರಿಂಗುಗಳಿಗೆ ಹರಿಯುತ್ತದೆ. ವರ್ಷಗಳು ಕಳೆದಂತೆ ಆ ಕಸವು ಗಟ್ಟಿಯಾಗಿ ಕೊಳವೆಯನ್ನೇ ತುಂಬುತ್ತದೆ. ಅದನ್ನು ತೆಗೆಯಬೇಕಾದರೆ ಎಂಜಿನ್ನನ್ನು ಇಳಿಸಿ, ಕವಚವನ್ನು ಎರಡು ಹೋಳಾಗಿ ಬಿಚ್ಚಿ, ಭಾರಚಕ್ರದ ಬೋಲ್ಟೊಂದನ್ನು ಕಳಚಿ, ಹಠ ಹಿಡಿದು ಕುಳಿತ ಬಿರಡೆಯನ್ನು ಬಿಡಿಸಬೇಕು. ಹಲವು ದಿನಗಳ ಶ್ರಮ. ಮುಗಿದ ಮೇಲೆ ಹೊರಗೆ ಕಾಣುವುದು ಏನೂ ಇಲ್ಲ. ಬಣ್ಣ ಬಳಿದು, ಕ್ರೋಮಿಯಂ ಲೇಪ ಮಾಡಿಸಿದರೆ ನೆರೆಹೊರೆಯವರು ಹೊಗಳುವರು. ಕೊಳವೆ ತೊಳೆದವನನ್ನು ಹೊಗಳುವವರು ಯಾರು?

ಆದರೂ ಎಂಜಿನ್ನಿನ ಪ್ರಾಣವು ಇರುವುದು ಹೊರಗಿನ ಹೊಳಪಿನಲ್ಲಲ್ಲ, ಆ ಕೊಳವೆಯಲ್ಲಿ. ಅದು ಕಟ್ಟಿಕೊಂಡರೆ ಎಣ್ಣೆಯು ಬೇರಿಂಗಿಗೆ ತಲಪದು. ಬೇರಿಂಗು ಕಾದು ಕೆಡುವುದು. ಕಡೆಗೆ ಪಿಸ್ಟನ್ನನ್ನು ಹಿಡಿದ ದಂಡವೇ ಮುರಿದು ಕವಚವನ್ನು ಒಡೆಯಬಹುದು. ಗಂಟೆಗೆ 120 ಮೈಲಿ ವೇಗವನ್ನು ಸೂಚಿಸುವ ಟಿ 120 ಎಂಬ ಗುರುತನ್ನು ಹೊತ್ತ ಗಾಡಿಯಲ್ಲಿ ಹೀಗಾದರೆ ಸವಾರನ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಇದು ಬಿಡುವಿನ ವೇಳೆಯ ವಿನೋದ. ಮಾರುವ ಉದ್ದೇಶವಿಲ್ಲದವನು ತನ್ನ ಕೊಟ್ಟಿಗೆಯಲ್ಲಿ ತನ್ನ ವಸ್ತುವನ್ನು ಹೇಗೆ ಮಾಡಿಕೊಂಡರೇನು? ಅವನಿಗೆ ಧರ್ಮಬೋಧೆ ಏಕೆ? ಮಾತು ಮೇಲ್ನೋಟಕ್ಕೆ ಯುಕ್ತವೇ ಸರಿ. ಆದರೆ ಅರುವತ್ತು ವರ್ಷ ಬಾಳಿದ ಗಾಡಿಯು ಈಗಿನ ಒಡೆಯನ ಕಾಲಕ್ಕೇ ಮುಗಿಯುವುದೆಂಬ ನಿಯಮವಿಲ್ಲ. ಮಗನೋ ಮೊಮ್ಮಗನೋ, ಹೆಸರರಿಯದ ಒಬ್ಬನೋ ನಾಳೆ ಅದನ್ನು ಏರುವನು. ಅವನು ಎಂಜಿನ್ನನ್ನು ಬಿಚ್ಚಿ ನೋಡುವುದಿಲ್ಲ. ಹಿಂದಿನವನನ್ನು ನಂಬಿ ಹೊರಡುತ್ತಾನೆ. ಬಚ್ಚಿಟ್ಟ ಕಸವೂ ಬಡಿದ ಸುಳ್ಳು ಸಂಖ್ಯೆಯೂ ಅವನ ಪಾಲಿಗೆ ಬಂದ ಸಾಲಗಳು. ಸಾಲ ಮಾಡಿದವನು ತೀರಿಸದೆ ಹೋಗಿರುತ್ತಾನೆ. ಒಡೆತನವೆಂಬುದು ಕೆಲವು ಕಾಲದ ಕಾವಲುಗಾರಿಕೆಯಲ್ಲದೆ ಮತ್ತೇನೂ ಅಲ್ಲ.

ಈ ಕೆಲಸವು ಮಾಡುವವನನ್ನೂ ತಿದ್ದುತ್ತದೆ. ಬ್ರಿಟಿಷ್ ಗಾಡಿಗಳ ಹಳೆಯ ನಟ್ಟುಗಳಿಗೆ ಮಿಲಿಮೀಟರಿನ ಪಾನಾ ಸರಿಹೊಂದದು; 1841ರಲ್ಲಿ ಜೋಸೆಫ್ ವ್ಹಿಟ್‌ವರ್ತ್ ಎಂಬಾತನು ಸೂಚಿಸಿದ ಕ್ರಮದಿಂದ ಬಂದ ಅಳತೆಯ ಪಾನಾಗಳೇ ಬೇಕು. ಅವಸರಪಟ್ಟು ಕೈಗೆ ಸಿಕ್ಕಿದುದನ್ನು ತೊಡಿಸಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ. ಮುಂದೆ ಸರಿಯಾದ ಪಾನಾ ಬಂದರೂ ಅದು ಹಿಡಿಯದು. ವಸ್ತುವಿನ ಅಳತೆಗೆ ಮನುಷ್ಯನು ಬಾಗಬೇಕೇ ಹೊರತು ಮನುಷ್ಯನ ಅವಸರಕ್ಕೆ ವಸ್ತುವು ಬಾಗದು. ಈ ವಿನಯವನ್ನು ಕಬ್ಬಿಣದಿಂದ ಕಲಿತವನು ಹೆಂಡತಿಮಕ್ಕಳೊಡನೆಯೂ ನೆರೆಯವರೊಡನೆಯೂ ಅದನ್ನು ಬಳಸಿದರೆ ಕಲಿತುದು ಸಾರ್ಥಕವಾಗುತ್ತದೆ.

ಯಾರೂ ನೋಡದೆಡೆಯಲ್ಲಿ ಮಾಡಿದ ಕೆಲಸವೇ ಮಾಡಿದವನ ನಿಜವಾದ ಅಳತೆ. ಮನೆಯನ್ನು ಕಟ್ಟುವವನಿಗೆ ಅಡಿಪಾಯ, ಲೆಕ್ಕ ಬರೆಯುವವನಿಗೆ ಮಾಲೀಕನು ಓದದ ಪುಟ, ಅಡಿಗೆ ಮಾಡುವವಳಿಗೆ ಪಾತ್ರೆಯ ತಳ, ಗಾಡಿಯನ್ನು ಉದ್ಧರಿಸುವವನಿಗೆ ಆ ಕೊಳವೆ. ಪ್ರತಿಯೊಬ್ಬ ಗೃಹಸ್ಥನ ಕೆಲಸದಲ್ಲಿಯೂ ಇಂತಹ ಒಂದು ಕೊಳವೆಯು ಇದ್ದೇ ಇರುತ್ತದೆ. ಅದು ಎಲ್ಲಿದೆಯೆಂಬುದನ್ನು ಇತರರು ಅರಿಯರು. ಅವನು ಮಾತ್ರ ಚೆನ್ನಾಗಿ ಬಲ್ಲನು.